ಸಾರಿನ ತಳದ ಕಾಳು

ಮಂಡ್ಯದ ಒಂದು ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ವಾರ್ಡಿನ ಹೊರಗಿನ ಬೆಂಚಿನ ಮೇಲೆ ನಡೆದ ಮಾತು ಇದು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ನಮ್ಮವ್ವ ಒಳಗೆ ಮಲಗಿದ್ದಳು. ಆಪರೇಷನ್ ಆಗಿ 17 ದಿನ ಕಳೆದರೂ ಹೊಲಿಗೆ ಹಾಕಿದ ಗಾಯ ಮಾಯುತ್ತಿರಲಿಲ್ಲ. ನಾನು ಮದ್ದೂರಿನಲ್ಲಿ ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು. ಅಕ್ಕ ಅಂದರೆ ನಮ್ಮ ದೊಡ್ಡವ್ವನ ಮಗಳು. ಮಳವಳ್ಳಿ ತಾಲ್ಲೂಕು ಹಲಗೂರು ಕಡೆಯ ಹಳ್ಳಿಯೊಂದರಲ್ಲಿ ಮೂವತ್ತೈದು ವರ್ಷ ಅಂಗನವಾಡಿ ನಡೆಸಿ ಈಗ ಮನೆಯಲ್ಲಿರುವವಳು. ಮಳವಳ್ಳಿ ಬಸ್ಸಿಳಿದು ಬಂದವಳ ಕೈಯಲ್ಲಿ ವೈರ್ ಬ್ಯಾಗು, ಬ್ಯಾಗಿನಲ್ಲಿ ಎರಡು ಸ್ಟೀಲ್ ಡಬ್ಬಿ. ನನ್ನ ತೊಡೆ ಮೇಲೆ ಆಗಷ್ಟೇ ಕೊಂಡುತಂದ ಪ್ರೋಟೀನ್ ಪುಡಿ ಡಬ್ಬ, ಪಕ್ಕದಲ್ಲಿ ಮದ್ದೂರು ವಡೆಯ ಪೊಟ್ಟಣ.

ಅಕ್ಕ: ಅದೇನೋ ಅದು, ಡಬ್ಬ?

ನಾನು: ಪ್ರೋಟೀನ್ ಪುಡಿ ಅಕ್ಕ. ಅವ್ವನ ರಕ್ತದಲ್ಲಿ ಆಲ್ಬುಮಿನ್ ಕಮ್ಮಿ ಇದೆಯಂತೆ. ಕಿಡ್ನಿ, ಲಿವರ್ ಎಲ್ಲ ನೋಡಾಯ್ತು, ತೊಂದರೆ ಇಲ್ಲ. ಸೋಂಕಿದ್ದರೂ ಆಲ್ಬುಮಿನ್ ಇಳಿಯುತ್ತೆ, ಅದೊಂದನ್ನೇ ನೋಡಿ ಹೇಳೋಕಾಗಲ್ಲ ಅಂದ್ರು ಡಾಕ್ಟ್ರು. ಆದರೆ ತೂಕ 42 ಕೆಜಿ, ತೋಳು ನೋಡಿ, ಬರೀ ಚರ್ಮ ಜೋತಾಡ್ತಿದೆ, ಇದು ಊಟ ಸಾಲದ ಮೈ ಅಂತಲೂ ಅಂದುಬಿಟ್ರು. ನಾಲ್ಕು ಜನರ ಎದುರಿಗೆ ಹಾಗಂದಾಗ ನಂಗೆ ತಲೆ ಎತ್ತೋಕಾಗಲಿಲ್ಲ. ನಮ್ಮನೇಲಿ ಊಟಕ್ಕೇನು ಬರ ಬಂದಿದೆ ಹೇಳು? ಮೂಟೆ ರಾಗಿ ಇದೆ, ಅಕ್ಕಿ ಇದೆ.

ಅಕ್ಕ: ಅವರು ನಿನ್ನ ಬೈಲಿಲ್ಲ ಕಣೋ, ಮೈ ನೋಡಿ ಹೇಳವ್ರೆ. ಬೀಳೋಕೆ ಮುಂಚೆ ಚಿಕ್ಕವ್ವ ಒಂದು ದಿವಸಕ್ಕೆ ಏನು ತಿಂತಿದ್ದಳು, ಅದು ಹೇಳು. ಅಂದಾಜಲ್ಲ, ಬೆಳಗ್ಗೆ ಎದ್ದಾಗಿಂದ ಹೇಳು.

ನಾನು: ಎದ್ದ ತಕ್ಷಣ ಕಾಫಿ, ಎರಡು ರಸ್ಕು. ಹತ್ತು ಗಂಟೆಗೆ ಇನ್ನೊಂದು ಕಾಫಿ. ತಿಂಡಿ ಬೇಡ ಅಂತಿದ್ದಳು. ಮಧ್ಯಾಹ್ನ ಅರ್ಧ ಮುದ್ದೆ, ಸಾರು. ಸಂಜೆ ಕಾಫಿ. ರಾತ್ರಿ ಒಂದು ಹಿಡಿ ಅನ್ನ, ಮಜ್ಜಿಗೆ.

ಅಕ್ಕ: ಸಾರಲ್ಲಿ ಕಾಳು?

ನಾನು: ಇರ್ತಿತ್ತು. ತಟ್ಟೆಗೆ ಬಿತ್ತೋ ಇಲ್ವೋ ನೋಡಿಲ್ಲ.

ಅಕ್ಕ: ಮೇಷ್ಟ್ರಲ್ವಾ ನೀನು, ಲೆಕ್ಕ ಹಾಕು.

ಪ್ರೋಟೀನ್ ಡಬ್ಬದ ಬಿಲ್ಲಿನ ಹಿಂಬದಿಯಲ್ಲೇ ಲೆಕ್ಕ ಬರೆದೆ. ಅರ್ಧ ಮುದ್ದೆಗೆ 70 ಗ್ರಾಂ ಹಿಟ್ಟು ಅಂದುಕೊಂಡರೆ 5 ಗ್ರಾಂ ಪ್ರೋಟೀನು. ಅನ್ನಕ್ಕೆ 60 ಗ್ರಾಂ ಅಕ್ಕಿ, ಸುಮಾರು 5 ಗ್ರಾಂ. ಮೂರು ಕಾಫಿಯ ಹಾಲೆಲ್ಲ ಸೇರಿ ಒಂದು ಲೋಟ ತುಂಬದು, ಮಜ್ಜಿಗೆಯನ್ನೂ ಸೇರಿಸಿ 6 ಗ್ರಾಂ. ರಸ್ಕು, ಸಾರಿನ ತಿಳಿ ಎಲ್ಲ ಧಾರಾಳವಾಗಿ ಹಿಡಿದರೂ ಒಟ್ಟು 20 ದಾಟಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದ ಪ್ರಕಾರ ಆರೋಗ್ಯವಾಗಿರುವವರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಬೇಕು. ಅವ್ವನ 42 ಕೆಜಿಗೆ ಅದೇ 35 ಗ್ರಾಂ ಆಗುತ್ತದೆ. ಮೂಳೆ ಮುರಿದು ಗಾಯವಾಗಿರುವ ವಯಸ್ಸಾದವರಿಗೆ ಇನ್ನೂ ಹೆಚ್ಚು, 50ರ ಹತ್ತಿರ. ಕ್ಯಾಲೊರಿ ಕೂಡಿಸಿದೆ. ಸಕ್ಕರೆ, ರಸ್ಕು ಸೇರಿಸಿಯೂ 800ರ ಆಸುಪಾಸು. ಹೆಚ್ಚು ಓಡಾಟವಿಲ್ಲದ 55 ಕೆಜಿ ತೂಕದ ಹೆಂಗಸಿಗೆ ಅದೇ ಸಂಸ್ಥೆ ಹೇಳುವುದು 1,660.

ನಾನು: ಅರ್ಧ, ಅಕ್ಕ. ಎರಡೂ ಅರ್ಧ.

ಅಕ್ಕ: ಈಗ ಡಬ್ಬದ ಮಾತಾಡಾನ. ಆ ಪುಡೀನ ಇದೇ ಊಟದ ಜೊತೆಗೆ ಕೊಟ್ಟರೆ ಏನಾಗ್ತದೆ ಅನ್ಕೊಂಡೆ? ಒಲೆಗೆ ಸೌದೆ ಸಾಲದೆ ಹೋದ್ರೆ ಒಲೆ ಸುಮ್ನೆ ಕೂರ್ತದಾ? ಮನೆ ತೊಲೆ ಕಿತ್ತು ಉರಿಸ್ತದೆ. ಮೈಯೂ ಅಷ್ಟೆ. ಹೊಟ್ಟೆಗೆ ಅನ್ನ ಸಾಲದೆ ಹೋದ್ರೆ ತಿಂದ ಪ್ರೋಟೀನನ್ನೇ ಸೌದೆ ಮಾಡ್ಕೊಂಡು ಉರಿಸ್ತದೆ, ಅದೂ ಸಾಲದಿದ್ರೆ ತೋಳು ತೊಡೆ ಕರಗಿಸ್ತದೆ. ತೊಲೆ ತಂದು ಒಲೆಗೆ ಇಕ್ಕಿದಂಗೆ ಆಯ್ತದೆ ನಿನ್ನ ದುಡ್ಡು. ಮೊದಲು ಹೊಟ್ಟೆ ತುಂಬಬೇಕು, ಆಮೇಲೆ ಗೋಡೆ ಕಟ್ಟೋ ಮಾತು.

ನಾನು: ಇದೇ ಜಗಳ ದೊಡ್ಡ ದೊಡ್ಡವರ ನಡುವೆ ಇಪ್ಪತ್ತು ವರ್ಷ ನಡೀತು ಗೊತ್ತಾ? 1950, 60ರ ದಶಕದಲ್ಲಿ ಪ್ರಪಂಚವೆಲ್ಲ ಪ್ರೋಟೀನ್, ಪ್ರೋಟೀನ್ ಅಂತಿತ್ತು. ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ. 1950ರಲ್ಲಿ ಶುರುವಾದ ಮೇಲೆ ಅಲ್ಲಿಯ ವಿಜ್ಞಾನಿಗಳು ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ಒಂದು ಪುಡಿ ಮಾಡಿದರು. ಮುಕ್ಕಾಲು ಪಾಲು ಕಡಲೆಕಾಯಿ, ಕಾಲು ಪಾಲು ಕಡಲೆ. ಆಗ ಸಿ. ಗೋಪಾಲನ್ ಅನ್ನೋ ಡಾಕ್ಟ್ರು, ರಾಷ್ಟ್ರೀಯ ಪೋಷಣಾ ಸಂಸ್ಥೆಯವರು, ಒಂದು ತಕರಾರು ತೆಗೆದರು. ಊದಿಕೊಂಡ ಮಗು, ಒಣಗಿಹೋದ ಮಗು, ಎರಡೂ ಒಂದೇ ಥರದ ಊಟ ತಿನ್ನೋ ಮನೆಗಳಿಂದ ಬರ್ತಿವೆ. ಅವಕ್ಕೆ ಮೊದಲು ಸಾಲದೆ ಬಂದಿರೋದು ಊಟ. ಅನ್ನ ಬೇಳೆ ಹೊಟ್ಟೆ ತುಂಬ ಸಿಕ್ಕರೆ ಪ್ರೋಟೀನ್ ಅದರ ಜೊತೆಗೇ ಬರುತ್ತೆ ಅಂತ. 1974ರಲ್ಲಿ ಮೆಕ್‌ಲಾರೆನ್ ಅನ್ನೋರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಆ ಪ್ರೋಟೀನ್ ಗದ್ದಲವನ್ನ ದೊಡ್ಡ ಎಡವಟ್ಟು ಅಂತಲೇ ಬರೆದರು.

ಅಕ್ಕ: ಅನ್ನ ಬೇಳೆ ಅಂದ್ರಲ್ಲ ಗೋಪಾಲನ್ನು, ಅದರಲ್ಲಿ ಬೇಳೆ ಮರೀಬೇಡ. ಬರೀ ಅನ್ನ ಅನ್ನಲಿಲ್ಲ ಅವರು. ಊದಿಕೊಂಡ ಕೂಸು ಅಂದೆಯಲ್ಲ, ನಾನು ಕೈಯಾರ ಮುಟ್ಟಿ ನೋಡಿವ್ನಿ.

ನಾನು: ಯಾವಾಗ?

ಅಕ್ಕ: ಕೆಲಸಕ್ಕೆ ಸೇರಿದ ಎರಡನೇ ವರ್ಷ. ಕಬ್ಬು ಕಡಿಯೋಕೆ ಬಂದಿದ್ದ ಕೂಲಿಯವರ ಮಗ, ಎರಡು ವರ್ಷದ್ದು. ಅವರವ್ವ ಮತ್ತೆ ಬಸುರಿ, ಮೊಲೆ ಬಿಡಿಸಿದ್ದಳು. ಕೂಸಿಗೆ ಗಂಜಿ ತಿಳಿ, ಬೆಲ್ಲದ ನೀರು. ಅವಳು ನನ್ನ ಹತ್ರ ಬಂದು, ನೋಡಿ ಮೇಡಂ ದುಂಡಗೆ ಆಗವ್ನೆ ಅಂದಳು. ಕೆನ್ನೆ ದುಂಡಗಿತ್ತು, ನಿಜ. ಕೂದಲು ತಾಮ್ರದ ಬಣ್ಣ, ಎಳೆದರೆ ಕೈಗೇ ಬತ್ತಿತ್ತು. ಅಳೋಕೂ ಮನಸ್ಸಿಲ್ಲ ಅದಕ್ಕೆ, ಸುಮ್ನೆ ಕೂತಿತ್ತು. ಪಾದದ ಮೇಲೆ ಹೆಬ್ಬೆಟ್ಟು ಒತ್ತಿ ತೆಗೆದೆ. ಗುಳಿ ಬಿತ್ತು. ನಾನು ರಿಜಿಸ್ಟರಲ್ಲಿ ಅದರ ಹೆಸರು ಹುಡುಕಿ ಬರೆಯೋವರೆಗೂ ಆ ಗುಳಿ ಹಂಗೇ ಇತ್ತು.

ನಾನು: ಕ್ವಾಷಿಯೋರ್ಕರ್. ಸಿಸಿಲಿ ವಿಲಿಯಮ್ಸ್ ಅನ್ನೋ ಡಾಕ್ಟ್ರು ಆಫ್ರಿಕಾದ ಗೋಲ್ಡ್ ಕೋಸ್ಟಲ್ಲಿ, ಅಂದರೆ ಈಗಿನ ಘಾನಾದಲ್ಲಿ, 1933ರಲ್ಲಿ ಅದನ್ನ ಬರೆದಿಟ್ಟರು. ಹೆಸರನ್ನ ಅಲ್ಲಿಯ ಜನರ ಬಾಯಿಂದಲೇ ತಗೊಂಡರು. ಇನ್ನೊಂದು ಕೂಸು ಬಂದಾಗ ಹಿಂದಿನ ಕೂಸಿಗೆ ಬರೋ ಕಾಯಿಲೆ ಅಂತ ಅದರರ್ಥ.

ಅಕ್ಕ: ಹಳ್ಳಿ ಹೆಂಗಸರಿಗೆ ಎಲ್ಲೆಲ್ಲೂ ಗೊತ್ತಿರ್ತದೆ ನೋಡು. ನಮ್ಮಲ್ಲೂ ಬಸುರಿ ಹಾಲು ಕುಡಿದ ಕೂಸು ಅಂತಿದ್ರು. ಆ ಮಗೂನ ಆಸ್ಪತ್ರೆಗೆ ಸೇರಿಸಿದೆ. ಅಲ್ಲಿ ಒಂದೇ ಸಲ ಹೊಟ್ಟೆ ತುಂಬ ಕೊಡಲ್ಲ. ಸೋತ ಮೈಗೆ ಒಂದೇಟಿಗೆ ಉಣ್ಣಿಸಿದ್ರೆ ಎದೆ ನಿಂತುಹೋಗೋ ಅಪಾಯ. ಎರಡೆರಡು ಗಂಟೆಗೆ ಇಷ್ಟಿಷ್ಟೇ ಹಾಲು ಸಕ್ಕರೆ ಎಣ್ಣೆ ಕಲಸಿ ಕೊಡ್ತಿದ್ರು. ನಾಲ್ಕು ದಿವಸಕ್ಕೆ ಊತ ಇಳೀತು. ಊತ ಇಳಿದಾಗ ತೂಕವೂ ಇಳೀತಲ್ಲ, ಅವರವ್ವ ಗೋಳೋ ಅಂತ ಅಳೋಕೆ ಶುರು ಮಾಡಿದಳು, ನನ್ನ ಕೂಸು ಬಡವಾಗೋಯ್ತು ಅಂತ. ಒಳಗೆ ಇದ್ದಿದ್ದೇ ಅಷ್ಟು ಅಂತ ಅವಳಿಗೆ ಹೇಳಿ ಒಪ್ಪಿಸೋಕೆ ನಂಗೆ ಸಾಕು ಸಾಕಾಯ್ತು.

ನಾನು: ಬದುಕಿತಾ?

ಅಕ್ಕ: ಬದುಕ್ತು. ಕಬ್ಬು ಮುಗಿದ ಮೇಲೆ ಹೊರಟೋದ್ರು. ಆಮೇಲೆ ಅಂಥ ಕೂಸು ಅಪರೂಪ ಆಯ್ತು ಅನ್ನು. ಆದರೆ ಕಣ್ಣಿಗೆ ಕಾಣದಂಗೆ ಇರೋದು ಹೋಗಲಿಲ್ಲ. ತೋಳಿನ ಪಟ್ಟಿ ಕೊಟ್ಟಿದ್ರು ನಮಗೆ. ಹನ್ನೊಂದೂವರೆ ಸೆಂಟಿಮೀಟರ್‌ಗಿಂತ ಕಮ್ಮಿ ಬಂದ್ರೆ ಕೆಂಪು, ಹನ್ನೆರಡೂವರೆವರೆಗೂ ಹಳದಿ. ಕೆಂಪು ಬಂದ್ರೆ ಎಲ್ರೂ ಓಡಿ ಬತ್ತಾರೆ. ಹಸಿರಲ್ಲೇ ಇದ್ದು ಕುಳ್ಳಗೆ ಉಳಿಯೋ ಕೂಸನ್ನ ಯಾರೂ ಕೇಳಲ್ಲ. ಅವರಪ್ಪನೂ ಕುಳ್ಳ ಅಲ್ವಾ ಅಂದ್ಬುಡ್ತಾರೆ.

ಅದು ನಿಜ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ 36.2 ಇತ್ತು. ಐದಾರು ವರ್ಷದಲ್ಲಿ ಒಂದು ಚೂರು ಅಲುಗಿದೆ, ಅಷ್ಟೆ. ನಮ್ಮ ಹೈಸ್ಕೂಲಿನ ಪ್ರಾರ್ಥನೆ ಸಾಲಿನಲ್ಲಿ ಮುಂದೆ ನಿಲ್ಲುವ ಹುಡುಗರನ್ನು ನಾನು ಇಷ್ಟು ವರ್ಷ ಬರೀ ಕುಳ್ಳರು ಎಂದೇ ನೋಡಿದ್ದೆ.

ನಾನು: ವಡೆ ತಿನ್ನು ಅಕ್ಕ, ತಣ್ಣಗಾಗುತ್ತೆ.

ಅಕ್ಕ: ಕೊಡು. ಇದನ್ನ ವಡೆ ಅಂತ ಯಾರು ಹೆಸರಿಟ್ಟರೋ. ಉದ್ದು ಇಲ್ಲ, ಕಡಲೆಬೇಳೆ ಇಲ್ಲ. ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ, ಎಣ್ಣೆ.

ನಾನು: 1917ರಲ್ಲಿ ಮದ್ದೂರು ಸ್ಟೇಷನ್ನಲ್ಲಿ ರಾಮಚಂದ್ರ ಬುಧ್ಯ ಅನ್ನೋರು ರೈಲು ಹೊರಡೋ ಅವಸರದಲ್ಲಿ ತಟ್ಟಿ ಕರಿದರಂತೆ. ಉದ್ದು ನೆನೆಸಿ ರುಬ್ಬೋಕೆ ಪುರುಸೊತ್ತೆಲ್ಲಿ?

ಅಕ್ಕ: ನಮ್ಮ ಜಿಲ್ಲೇನೂ ಅಷ್ಟೆ ಅಂತೀನಿ. ಅವಸರದಲ್ಲಿ ಬೇಳೆ ಬಿಟ್ಟೋಯ್ತು.

ನಾನು: ಅದ್ಯಾಕೆ ಹಾಗಂತೀಯ?

ಅಕ್ಕ: ನಮ್ಮಜ್ಜಿ ಕಾಲದ ರಾಗಿ ಹೊಲ ನೆನೆಸ್ಕೊ. ಬರೀ ರಾಗಿ ಹಾಕ್ತಿದ್ರಾ? ಎಂಟು ಸಾಲಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ರಾಗಿ ಕೈಕೊಟ್ಟರೂ ಅವರೆ ಮಂಜಿಗೇ ಹೂ ಬಿಡೋದು. ಹಿಂಗಾರಿಗೆ ಹುರುಳಿ. ಮುದ್ದೆ ಯಾವ ಹೊಲದಲ್ಲಿ ಬೆಳೀತೋ ಸಾರೂ ಅದೇ ಹೊಲದಲ್ಲಿ ಬೆಳೀತಿತ್ತು. ಕಾಲುವೆ ಬಂತು, ಕಬ್ಬು ಬಂತು, ಬತ್ತ ಬಂತು. ಕಬ್ಬಲ್ಲಿ ಅಕ್ಕಡಿ ಎಲ್ಲಿ ಬತ್ತದೆ? ಕಾಳು ಅಂಗಡಿಗೆ ಹೋಯ್ತು. ಅಂಗಡೀಲಿ ತೂಕ ಹಾಕಿ ತರೋ ಕಾಳನ್ನ ಯಾರು ಸೇರುಗಟ್ಟಲೆ ಬೇಯಿಸ್ತಾರೆ?

ನಾನು: ಕಾಲುವೆ ಬೈಬೇಡ ಅಕ್ಕ. ಕನ್ನಂಬಾಡಿ ನೀರು ಬರೋ ಮುಂಚೆ ಮಂಡ್ಯದ ಸುತ್ತ ಏನಿತ್ತು? 1933ರಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಜಿಲ್ಲೆ. ನಾನು ಓದಿದ್ದೇ ಕಬ್ಬಿನ ದುಡ್ಡಲ್ಲಿ. ಇಲ್ಲೇ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗೀನೂ ಆಫ್ರಿಕಾದ ರಾಗೀನೂ ಕೂಡಿಸಿ ಇಂಡಾಫ್ ತಳಿಗಳನ್ನ ಮಾಡದೇ ಇದ್ದಿದ್ದರೆ ಮುದ್ದೆಗೂ ತತ್ವಾರ ಇರ್ತಿತ್ತು. ಅಕ್ಕಡಿ ಕಾಲದಲ್ಲಿ ಎಲ್ಲರ ಹೊಟ್ಟೆ ತುಂಬಿತ್ತು ಅಂತ ಮಾತ್ರ ಹೇಳಬೇಡ.

ಅಕ್ಕ: ತುಂಬಿರಲಿಲ್ಲ, ಒಪ್ಕೊಂಡೆ. ನಮ್ಮ ಹಲಗೂರು ಕಡೆ ಬರ ಬಿದ್ದ ವರ್ಷ ನಾವೂ ಸ್ಕೂಲಲ್ಲಿ ಕೊಡೋ ಹಳದಿ ಉಪ್ಪಿಟ್ಟಿಗೆ ತಟ್ಟೆ ಹಿಡ್ಕೊಂಡು ನಿಂತೋರೇ. ಆಗ ಕಾಳಿತ್ತು, ಮುದ್ದೆ ಸಾಲ್ತಿರಲಿಲ್ಲ. ಈಗ ಮುದ್ದೆ ಐತೆ, ಸಾರು ತೆಳ್ಳಗಾಯ್ತು. ಎರಡೂ ಒಟ್ಟಿಗೆ ಇದ್ದ ಕಾಲ ನಾನು ನೋಡಿಲ್ಲ.

ನಾನು: ರಾಗಿಗೂ ಕಾಳಿಗೂ ಇನ್ನೊಂದು ಸಂಬಂಧ ಇದೆ. ರಾಗಿಯಲ್ಲಾಗಲಿ ಅಕ್ಕಿಯಲ್ಲಾಗಲಿ ಲೈಸಿನ್ ಅನ್ನೋ ಅಂಶ ಕಮ್ಮಿ. ಕಾಳಲ್ಲಿ ಅದು ಹೇರಳ. ಕಾಳಲ್ಲಿ ಕಮ್ಮಿ ಇರೋ ಮೆಥಿಯೊನಿನ್ ರಾಗಿಯಲ್ಲಿ ಚೆನ್ನಾಗೇ ಇದೆ. ನೂರು ಗ್ರಾಂ ರಾಗಿಯಲ್ಲಿ ಏಳು ಗ್ರಾಂ ಪ್ರೋಟೀನು, ಹುರುಳಿಯಲ್ಲಿ ಇಪ್ಪತ್ತೊಂದು. ಕೂಡಿಸಿ ತಿಂದರೆ ಒಂದರ ಕೊರತೆ ಇನ್ನೊಂದು ತುಂಬುತ್ತೆ.

ಅಕ್ಕ: ನಿನ್ನ ಲೈಸಿನ್ನು ನಂಗೊತ್ತಿಲ್ಲ. ಉಪ್ಸಾರು ಗೊತ್ತು. ಕಾಳು, ಸೊಪ್ಪು ಬೇಯಿಸಿ ಬಸಿಯೋದು. ಬಸಿದ ಕಟ್ಟಿಗೆ ಖಾರ ಹಾಕಿದ್ರೆ ಸಾರು, ಒಳಗೆ ಉಳಿದದ್ದು ಪಲ್ಯ. ಊರಿನ ಅರ್ಧ ಮನೇಲಿ ದಿವ್ಸಾ ಇದೇ. ಈಗ ಹೇಳು, ಪ್ರೋಟೀನು ಯಾವುದ್ರಲ್ಲಿ ಉಳೀತು?

ನಾನು: ಕಾಳಲ್ಲಿ. ಅಂದರೆ ಪಲ್ಯದಲ್ಲಿ.

ಅಕ್ಕ: ಪಲ್ಯ ಯಾರ ತಟ್ಟೆಗೆ ಹೋಯ್ತದೆ? ಮೊದಲು ಗಂಡಸರು, ಆಮೇಲೆ ಮಕ್ಕಳು. ಅತ್ತೆ ಸೊಸೆ ಕೂರೋ ಹೊತ್ತಿಗೆ ಕಟ್ಟು ಐತೆ, ಖಾರ ಐತೆ, ಮುದ್ದೆ ಐತೆ. ಖಾರ ಜಾಸ್ತಿ ಹಾಕ್ಕೊಂಡು ಮುದ್ದೆ ನುಂಗಿ ಎದ್ದುಬಿಡ್ತಾರೆ. ಹೊಟ್ಟೆ ತುಂಬ್ತದೆ ಕಣೋ, ಅದೇ ಮೋಸ. ಚಿಕ್ಕವ್ವ ಐವತ್ತು ವರ್ಷ ಹಂಗೆ ಉಂಡವಳೆ. ಈಗ ಸೊಸೆ ಕರೆದು ಕೂರಿಸಿ ಬಡಿಸಿದ್ರೂ ಕಾಳು ಬೇಡ ಅಂತಾಳೆ. ಹಲ್ಲೆಷ್ಟವೆ ಅವಳಿಗೆ?

ನಾನು: ಮುಂದೆ ಮೂರು.

ಅಕ್ಕ: ಮೂರು ಹಲ್ಲಲ್ಲಿ ಅವರೆಕಾಳು ಅಗಿಯೋಕಾಯ್ತದಾ? ಅದಕ್ಕೇ ರಸ್ಕು ಕಾಫೀಲಿ ಅದ್ದಿದ್ದು. ನೀನು ಆರುನೂರು ರೂಪಾಯಿ ಡಬ್ಬ ತಂದೆ, ಹಲ್ಲು ಕಟ್ಟಿಸಲಿಲ್ಲ.

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಹಲ್ಲಿನ ವಿಷಯ ಎರಡು ವರ್ಷದ ಹಿಂದೆಯೇ ಹೆಂಡತಿ ಎತ್ತಿದ್ದಳು. ಈ ವಯಸ್ಸಿಗೆ ಯಾಕೆ ಅಂತ ಅವ್ವನೂ ಅಂದಳು, ನನಗೂ ಅದೇ ಬೇಕಾಗಿತ್ತು.

ಅಕ್ಕ: ಹೋಗಲಿ ಬಿಡು. ಮಲಗಿದಷ್ಟೂ ಇನ್ನೂ ಕರಗ್ತದೆ. ದಿವ್ಸಾ ಎಬ್ಬಿಸಿ ಕೂರಿಸಿ ನಡೆಸ್ತಾವ್ರಾ?

ನಾನು: ವಾಕರ್ ಹಿಡಿದು ನಾಲ್ಕು ಹೆಜ್ಜೆ. ಆರೋಗ್ಯವಾಗಿರೋ ವಯಸ್ಸಾದವರನ್ನೇ ಹತ್ತು ದಿನ ಹಾಸಿಗೆ ಬಿಟ್ಟೇಳದಂತೆ ಮಲಗಿಸಿ ನೋಡಿದ್ದಾರೆ. ಎರಡು ಕಾಲಿನ ಮಾಂಸವೇ ಸುಮಾರು ಒಂದು ಕೆಜಿ ಹೋಗಿತ್ತಂತೆ. ಅವ್ವ ಬಿದ್ದದ್ದೂ ತೊಡೆಯಲ್ಲಿ ಶಕ್ತಿ ಇಲ್ಲದೆ ಅನ್ಸುತ್ತೆ ಈಗ. ನಾವು ಸೋಪು ಜಾರಿತು ಅಂದ್ಕೊಂಡ್ವಿ.

ಅಕ್ಕ: ಮುದುಕರದ್ದು ಹಂಗೆ, ಬಿದ್ದ ಮೇಲೆ ಗೊತ್ತಾಯ್ತದೆ. ಬಸುರಿಯರದ್ದು ಇನ್ನೂ ಕೆಟ್ಟದ್ದು, ಗೊತ್ತೇ ಆಗಲ್ಲ. ಏಳು ತಿಂಗಳಾದ ಮೇಲೆ ಊಟ ಕಮ್ಮಿ ಮಾಡಿಸ್ತಾರೆ. ಕೂಸು ದಪ್ಪ ಆದ್ರೆ ಹೆರಿಗೆ ಕಷ್ಟ ಅಂತ. ಕೂಸು ಬೆಳೆಯೋದೇ ಆವಾಗ. ಹೆತ್ತ ಮೇಲೆ ಬಾಣಂತಿ ಪಥ್ಯ ಬೇರೆ, ಅದು ನಂಜು, ಇದು ವಾಯು ಅಂತ.

ನಾನು: ಮೈಸೂರಲ್ಲಿ ಅದರ ಲೆಕ್ಕ ಸಿಕ್ಕಿದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ ಗೊತ್ತಲ್ಲ? ಅಲ್ಲಿಯ ಹೆರಿಗೆ ವಾರ್ಡಿನಲ್ಲಿ 1934ರಿಂದಲೂ ಹುಟ್ಟಿದ ಪ್ರತಿ ಮಗುವಿನ ತೂಕ ದಪ್ಪ ದಪ್ಪ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅರವತ್ತು ವರ್ಷದ ಮೇಲೆ ಆ ಪುಸ್ತಕ ಹಿಡ್ಕೊಂಡು, 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ ಮೈಸೂರಿನಲ್ಲೇ ಇದ್ದ 517 ಜನರನ್ನ ಹುಡುಕಿ ಎದೆ ಪರೀಕ್ಷೆ ಮಾಡಿದರು. 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಎರಡೂವರೆ ಕೆಜಿ, ಅದಕ್ಕಿಂತ ಕಮ್ಮಿ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕೆಜಿ ದಾಟಿ ಹುಟ್ಟಿದವರಲ್ಲಿ 3.

ಅಕ್ಕ: ಹೊಟ್ಟೇಲಿದ್ದಾಗ ಸಾಲದೆ ಬಂದಿದ್ದು ನಲವತ್ತೈವತ್ತು ವರ್ಷಕ್ಕೆ ಎದೇಲಿ ಕಾಣ್ತದಾ?

ನಾನು: ಹೊಟ್ಟೆಯಲ್ಲಿ ಸಾಲದೆ ಹೋದಾಗ ಮಗು ಮಿದುಳು ಉಳಿಸ್ಕೊಂಡು ಉಳಿದದ್ದರಲ್ಲಿ ಜಿಪುಣತನ ಮಾಡುತ್ತೆ ಅಂತಾರೆ. ಮಾಂಸ, ಕಿಡ್ನಿ, ಸಕ್ಕರೆ ಅರಗಿಸೋ ಅಂಗ, ಎಲ್ಲದರಲ್ಲೂ. ಆಮೇಲೆ ದೊಡ್ಡೋರಾದ ಮೇಲೆ ಅನ್ನ ಸಕ್ಕರೆ ಬೇಕಾದಷ್ಟು ಸಿಕ್ಕರೆ ಆ ಮೈಗೆ ನಿಭಾಯಿಸೋಕೆ ಆಗಲ್ಲ. ನನ್ನನ್ನೇ ನೋಡು. ಕೈಕಾಲು ಕಡ್ಡಿ, ಹೊಟ್ಟೆ ಮುಂದೆ, ನಲವತ್ತಾರಕ್ಕೇ ಶುಗರ್ರು. ಅವ್ವನಿಗೆ ಕ್ಯಾಲೊರೀನೂ ಕಮ್ಮಿ, ಪ್ರೋಟೀನೂ ಕಮ್ಮಿ. ನನಗೆ ಒಂದು ಜಾಸ್ತಿ, ಒಂದು ಕಮ್ಮಿ. ಒಂದೇ ಮನೆ, ಒಂದೇ ಪಾತ್ರೆ.

ಅಕ್ಕ: ನೀನು ಹೊಟ್ಟೇಲಿದ್ದಾಗ ಚಿಕ್ಕವ್ವ ನಾಟಿ ಕೆಲಸಕ್ಕೆ ಹೋಗ್ತಿದ್ದಳು. ನಮ್ಮವ್ವ ಹೇಳೋಳು.

ಒಳಗಿಂದ ನರ್ಸ್ ಬಂದು ಔಷಧಿ ಚೀಟಿ ಕೊಟ್ಟು ಹೋದರು. ನಾನು ಕೆಳಗೆ ಹೋಗಿ ಬರುವಷ್ಟರಲ್ಲಿ ಅಕ್ಕ ನನ್ನ ಪ್ರೋಟೀನ್ ಡಬ್ಬದ ಮೇಲಿನ ಅಚ್ಚನ್ನು ಕನ್ನಡಕ ಏರಿಸಿ ಓದುತ್ತಾ ಕೂತಿದ್ದಳು.

ಅಕ್ಕ: ಇದರಲ್ಲಿ ಮೊದಲನೇದಾಗಿ ಬರೆದಿರೋದೇ ಸಕ್ಕರೆ ಕಣೋ. ಮಂಡ್ಯದೋರಿಗೆ ಸಕ್ಕರೆ ಮಾರ್ತಾವ್ರೆ.

ನಾನು: ವಾಪಸ್ ತಗೊಳ್ಳಲ್ಲ, ಸೀಲ್ ಒಡೆದಿದ್ದೀನಿ. ಸರ್ಕಾರ ಇಷ್ಟೆಲ್ಲ ಕೊಡ್ತಿದೆಯಲ್ಲ ಅಕ್ಕ, ಅದರಿಂದ ಏನೂ ಆಗಿಲ್ವಾ? ಕೈಯಲ್ಲಿ ಹಂಚಿದವಳು ನೀನು.

ಅಕ್ಕ: ಆಗದೆ ಏನು. ಅಂಗನವಾಡಿ ಅನ್ನೋದು ನಮ್ಮ ರಾಜ್ಯದಲ್ಲಿ ಶುರುವಾಗಿದ್ದೇ ನಮ್ಮ ಪಕ್ಕದಲ್ಲಿ, ಹೊಳೆ ಆಚೆ ಟಿ. ನರಸೀಪುರದಲ್ಲಿ, 1975ರ ಗಾಂಧಿ ಜಯಂತಿಗೆ. ನಾನು ಸೇರಿದಾಗ ಬರೀ ಪುಡಿ, ಹಿಟ್ಟು. 2013ರಲ್ಲಿ ಕ್ಷೀರಭಾಗ್ಯ ಬಂತು, 150 ಎಂ.ಎಲ್. ಹಾಲು. ಅದೊಂದು ತಮಾಷೆ. ನಮ್ಮೂರ ಹಸು ಕರೆದ ಹಾಲು ಲೋಟ ಕೂಡ ಮನೇಲಿ ಉಳಿಯದಂಗೆ ಡೈರಿಗೆ, ಡೈರಿಯಿಂದ ಗೆಜ್ಜಲಗೆರೆಗೆ. ಮತ್ತೆ ನಮಗೆ ಹಾಲಿನ ಪುಡಿ ಮೂಟೇಲಿ ಬತ್ತಿತ್ತು, ನಾನು ನೀರು ಕಾಯಿಸಿ ಕಲಸಿ ಅದೇ ಮನೆ ಕೂಸಿಗೆ ಕೊಡ್ತಿದ್ದೆ. ಕುರೀನೂ ಅಷ್ಟೆ. ಬಂಡೂರು ಕುರಿ ಅಂದ್ರೆ ನಮ್ಮ ಮಳವಳ್ಳಿ ತಾಲ್ಲೂಕಿಂದು, ರುಚಿಗೆ ಬೆಂಗಳೂರೋರು ಕಾದು ತಗೋತಾರೆ. ಸಾಕಿದೋರು ತಿನ್ನೋದು ಮಾರಿಹಬ್ಬಕ್ಕೆ.

ನಾನು: 2017ರಲ್ಲಿ ಮಾತೃಪೂರ್ಣ ಬಂತಲ್ಲ, ಬಸುರಿ ಬಾಣಂತಿಯರಿಗೆ ಬಿಸಿಯೂಟ, ಮೊಟ್ಟೆ, ಹಾಲು?

ಅಕ್ಕ: ಒಳ್ಳೇದು ಅದು. ಅಂಗನವಾಡೀಲೇ ಕೂತು ಉಣ್ಣಬೇಕು ಅನ್ನೋದೇ ಅದರಲ್ಲಿ ಒಳ್ಳೇದು. ಮನೆಗೆ ಕೊಟ್ಟರೆ ಮೊಟ್ಟೆ ಮೂರು ಪಾಲಾಯ್ತದೆ. ಆದರೆ ತುಂಬು ಬಸುರಿ ಬಿಸಿಲಲ್ಲಿ ನಡ್ಕೊಂಡು ಬರಬೇಕಲ್ಲ, ಅತ್ತೆ ಬಿಡಲ್ಲ, ಹೊಲದ ಕೆಲಸ ಬಿಡಲ್ಲ. ಗಾರ್ಮೆಂಟ್ಸಿಗೆ ಹೋಗೋ ಹುಡುಗೀರಂತೂ ಸಿಗೋದೇ ಇಲ್ಲ. ನಿಮ್ಮ ಮದ್ದೂರು ಕಡೆ ವ್ಯಾನು ಬೆಳಗ್ಗೆ ಏಳಕ್ಕೇ ಬತ್ತದೆ. ಖಾಲಿ ಹೊಟ್ಟೇಲಿ ಹತ್ತಿ, ಡಬ್ಬೀಲಿ ಚಿತ್ರಾನ್ನ. ಸಂಜೆ ಬಂದಾಗ ಮುಖ ನೋಡು, ಬಿಳಿಚ್ಕೊಂಡಿರ್ತದೆ.

ನಾನು: ರಾಜ್ಯದಲ್ಲಿ ನೂರಕ್ಕೆ 48 ಹೆಂಗಸರಿಗೆ ರಕ್ತಹೀನತೆ ಅಂತ ಅದೇ ಸಮೀಕ್ಷೆ. ನಮ್ಮ ಸ್ಕೂಲಲ್ಲಿ ಈಗ ವಾರಕ್ಕೆ ಆರು ದಿನ ಮೊಟ್ಟೆ, 2024ರಿಂದ. ಅಜೀಂ ಪ್ರೇಮ್‌ಜಿ ಫೌಂಡೇಷನ್ ದುಡ್ಡು ಕೊಡ್ತಿದೆ. ಬೇಡ ಅನ್ನೋರಿಗೆ ಬಾಳೆಹಣ್ಣು.

ಅಕ್ಕ: ಬಾಳೆಹಣ್ಣು ಮೊಟ್ಟೆಗೆ ಸಮ ಆಯ್ತದಾ?

ನಾನು: ಇಲ್ಲ. ಮೊಟ್ಟೆಯಲ್ಲಿ ಆರೇಳು ಗ್ರಾಂ ಪ್ರೋಟೀನು, ಬಾಳೆಹಣ್ಣಲ್ಲಿ ಒಂದು. ಚಿಕ್ಕಿಯಾದರೂ ಸರಿ, ಕಡಲೆಕಾಯಿ ಇರುತ್ತೆ. ಇದೇ ಮಂಡ್ಯ ತಾಲ್ಲೂಕಿನ ಒಂದೂರಲ್ಲಿ 2025ರಲ್ಲಿ ಆದದ್ದು ನೆನಪಿದೆಯಾ? ಶಾಲೆ ಪಕ್ಕ ದೇವಸ್ಥಾನ, ಮೊಟ್ಟೆ ಬೇಯಿಸಬಾರದು ಅಂತ ಗಲಾಟೆ, ಎಷ್ಟೋ ಜನ ಟಿ.ಸಿ. ತಗೊಂಡರು.

ಅಕ್ಕ: ಅದನ್ನ ಜಗಳ ಮಾಡಿ ಗೆಲ್ಲೋಕಾಗಲ್ಲ. ನಮ್ಮಲ್ಲೂ ಸೋಮವಾರ, ಶನಿವಾರ ಮೊಟ್ಟೆ ಮುಟ್ಟದ ಮನೆ ಎಷ್ಟಿಲ್ಲ. ಆ ದಿವಸ ಕಾಳು ಬೇಯಿಸಿಡೋಳು ನಾನು. ದೇವರಿಗೆ ಹುರುಳಿಕಾಳಿನ ಮೇಲೇನೂ ಸಿಟ್ಟಿಲ್ಲವಲ್ಲ.

ನಾನು: ಇನ್ನೊಂದು ಹೇಳ್ತೀನಿ ಅಕ್ಕ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾಕ್ಟರ್ ದಂಪತಿ, ಅನುರಾಗ್ ಭಾರ್ಗವ, ಮಾಧವಿ ಭಾರ್ಗವ. ಅವರು ಜಾರ್ಖಂಡಿನಲ್ಲಿ ಟಿ.ಬಿ. ಬಂದವರ ಮನೆಯವರಿಗೆ ತಿಂಗಳು ತಿಂಗಳು ರೇಷನ್ ಕೊಟ್ಟು ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಒಳ್ಳೇ ಊಟ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿ.ಬಿ. ಹತ್ತೋದು ಸುಮಾರು ನೂರಕ್ಕೆ ನಲವತ್ತರಷ್ಟು ಕಮ್ಮಿ ಆಯ್ತು.

ಅಕ್ಕ: ನಮ್ಮ ಯಜಮಾನರಿಗೆ ಟಿ.ಬಿ. ಬಂದಾಗ ಮಾತ್ರೆ ಕೊಟ್ಟರು, ಚೆನ್ನಾಗಿ ತಿನ್ನಿ ಅಂದರು. ಎಲ್ಲಿಂದ ಅಂತ ಯಾರೂ ಹೇಳಲಿಲ್ಲ. ಈಗೇನೋ ತಿಂಗಳಿಗೆ ಸಾವಿರ ಹಾಕ್ತಾರಂತೆ. ಆ ಡಾಕ್ಟ್ರು ಕೊಟ್ಟ ರೇಷನ್ನಲ್ಲಿ ಏನಿತ್ತು?

ನಾನು: ಮನೆಯವರಿಗೆ ತಲಾ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ.

ಅಕ್ಕ: 5 ಕೆಜಿ ಅಕ್ಕಿ ನಮಗೂ ಬತ್ತದೆ.

ಅಷ್ಟು ಹೇಳಿ ಅಕ್ಕ ಸುಮ್ಮನಾದಳು. ಒಂದೂವರೆ ಕೆಜಿ ಬೇಳೆ ಅಂದರೆ ದಿನಕ್ಕೆ 50 ಗ್ರಾಂ, ಹನ್ನೊಂದು ಗ್ರಾಂ ಪ್ರೋಟೀನು. ಬೀಳುವ ಮುಂಚಿನ 35 ಗ್ರಾಂ ಲೆಕ್ಕದಲ್ಲಿ ಅವ್ವನ ಕೊರತೆಯ ಮುಕ್ಕಾಲು ಪಾಲು ಅಲ್ಲೇ ತುಂಬುತ್ತಿತ್ತು ಎಂದು ನಾನು ಮತ್ತೆ ಬಿಲ್ಲು ತಿರುಗಿಸಿ ನೋಡಿಕೊಂಡೆ.

ನಾನು: ಸರಿ, ಈಗ ಅವ್ವನಿಗೆ ಏನು ಕೊಡಲಿ? ನೀನೇ ಹೇಳು.

ಅಕ್ಕ: ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ ಮೊಳಕೆ ಬರಿಸು. ಒಣಗಿಸಿ, ಹುರಿದು ಬೀಸು. ಮೊಳಕೆ ಬಂದ ಹಿಟ್ಟು ಗಂಜೀನ ಗಟ್ಟಿ ಮಾಡಲ್ಲ, ತೆಳ್ಳಗೆ ಇಡ್ತದೆ. ಬರೀ ರಾಗಿಹಿಟ್ಟು ಎರಡು ಚಮಚ ಹಾಕಿದ್ರೇ ಗೊಜ್ಜಾಗೋಯ್ತದೆ, ಇದನ್ನ ನಾಲ್ಕು ಚಮಚ ಹಾಕಿದ್ರೂ ಕುಡಿಯಂಗೆ ಇರ್ತದೆ. ಕೂಸಿನ ಹೊಟ್ಟೆ, ಮುದುಕರ ಹೊಟ್ಟೆ ಎರಡೂ ಚಿಕ್ಕದು. ಒಂದೇ ಲೋಟದಲ್ಲಿ ಎರಡರಷ್ಟು ಹೋಗಬೇಕು. ಅದಕ್ಕೆ ಹುರಿಗಡಲೆ ಪುಡಿ, ಕಡಲೆಕಾಯಿ ಪುಡಿ, ಹಾಲು, ಒಂದು ಚಮಚ ತುಪ್ಪ. ದಿವ್ಸಕ್ಕೆ ಎರಡು ಲೋಟ. ಹುರುಳಿಕಾಳು ಬೇಯಿಸಿ ರುಬ್ಬಿ ಸಾರಿಗೆ ಹಾಕು, ಕಟ್ಟು ಮಾತ್ರ ಬಸಿಯಬೇಡ. ಅನ್ನಕ್ಕೆ ಮೊಸರು, ಮಜ್ಜಿಗೆ ಅಲ್ಲ. ಮೊಟ್ಟೆ ಮೆತ್ತಗೆ ಬೇಯಿಸಿ ಹಿಸುಕಿ ಕೊಡು. ಆ ನಿನ್ನ ಡಬ್ಬಾನೂ ಎಸೀಬೇಡ, ಗಂಜಿಗೆ ಹಾಕಿ ಮುಗಿಸು. ದುಡ್ಡು ಕೊಟ್ಟಾಗಿದೆ.

ನಾನು: ಕಿಡ್ನಿ ಸರಿ ಇರೋದ್ರಿಂದ ಇದೆಲ್ಲ ಕೊಡಬಹುದು, ಡಾಕ್ಟ್ರನ್ನ ಒಂದು ಮಾತು ಕೇಳಿಬಿಡ್ತೀನಿ.

ಅಕ್ಕ: ಕೇಳು. ಹಲ್ಲಿನ ಡಾಕ್ಟ್ರನ್ನೂ ಕೇಳು.

ಒಳಗೆ ಹೋದೆವು. ಅವ್ವನನ್ನು ಎಬ್ಬಿಸಿ ದಿಂಬಿಗೆ ಒರಗಿಸಿ ಕೂರಿಸಿದೆ. ಅಕ್ಕನನ್ನು ಕಂಡು ಅವಳ ಮುಖ ಅರಳಿತು. ಅಕ್ಕ ಬ್ಯಾಗಿನಿಂದ ಮೊದಲನೇ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಎರಡು ಬೆಂದ ಮೊಟ್ಟೆ, ಮೇಲೆ ಚೂರು ಉಪ್ಪು, ಮೆಣಸಿನ ಪುಡಿ.

ಅವ್ವ ಡಬ್ಬಿ ನೋಡಿದಳು, ಅಕ್ಕನನ್ನು ನೋಡಿದಳು. “ಇವತ್ತು ಏನ್ ವಾರ?” ಅಂದಳು.

“ಸೋಮವಾರ ಕಣ್ ಚಿಕ್ಕವ್ವ.”

“ಮತ್ತೆ?”

ಅಕ್ಕ ಮಾತಾಡದೆ ಆ ಡಬ್ಬಿಯನ್ನು ಮುಚ್ಚಿ ನನ್ನ ಕೈಗೆ ಕೊಟ್ಟಳು. ಎರಡನೇದನ್ನು ಬಿಚ್ಚಿದಳು. ನುಣ್ಣಗೆ ಹಿಸುಕಿದ ಅವರೆಕಾಳು, ಮೇಲೆ ತುಪ್ಪ, ಇನ್ನೂ ಸ್ವಲ್ಪ ಬಿಸಿ ಇತ್ತು. ಅವ್ವ ಬಗ್ಗಿ ವಾಸನೆ ಹಿಡಿದಳು. ಆಮೇಲೆ ನನ್ನ ಕೈಲಿದ್ದ ಎಣ್ಣೆ ಪೇಪರಿನ ಪೊಟ್ಟಣದ ಕಡೆ ಬೆರಳು ತೋರಿಸಿ, “ಮೊದಲು ಅದರಲ್ಲಿ ಅರ್ಧ ಮುರಿ, ಆಮೇಲೆ ಇದು” ಅಂದಳು.